ಭಾವನವರ ಮಂಡಿ ಗುಣವಾದದ್ದು

ನಮ್ಮ ಭಾವನವರ ಮಂಡಿ ಪೂರ್ತಿ ಸರಿಯಾಗಿದೆ ಎಂದು ಡಾಕ್ಟರ್ ಗೆರ್ಲಿಂಡೆ ಸಾರಿದ ದಿನ ಮನೆಮಂದಿಯೆಲ್ಲ ಹಿಗ್ಗಿದರು. ಒಬ್ಬರ ಮುಖದಲ್ಲಿ ಮಾತ್ರ ಸೂತಕದ ಕಳೆ ಇತ್ತು. ಆ ಮುಖ ಭಾವನವರದೇ.

ಈ ಮಂಡಿಯ ಮಹಿಮೆಯನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಟಿರೋಲ್ ಬೆಟ್ಟಗಳ ನಡುವಿನ ನಮ್ಮ ಓಬರ್‌ವಿಂಕೆಲ್‌ನಲ್ಲಿ ಮಗು ಮೊದಲು ಎದ್ದು ನಿಲ್ಲುತ್ತದೆ, ಆಮೇಲೆ ಸ್ಕೀ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತದೆ, ನಡೆಯುವುದನ್ನು ಪುರುಸೊತ್ತಾದಾಗ ಕಲಿಯುತ್ತದೆ. ಇಂಥ ಊರಿಗೆ ಇಪ್ಪತ್ತಾರು ವರ್ಷದ ಹಿಂದೆ ಒಟ್ಮಾರ್ ಎಂಬ ಬಯಲುಸೀಮೆಯ ಮನುಷ್ಯ ಪೇಟೆ ಬೂಟು ಹಾಕಿಕೊಂಡು ಹಿಮದಲ್ಲಿ ಜಾರುತ್ತಾ ಏಳುತ್ತಾ ಬಂದ. ನಮ್ಮಕ್ಕ ಬುರ್ಗಿಯನ್ನು ಮದುವೆ ಮಾಡಿಕೊಡಿ ಎಂದು ಕೇಳಿದ. ನಮ್ಮಪ್ಪ ಒಸ್ವಾಲ್ಡ್ ಊರಿನ ಒಂದೇ ಒಂದು ವಸತಿಗೃಹದ ಯಜಮಾನ, ಸ್ಕೀ ಸಂಘದ ಅಧ್ಯಕ್ಷ. ಜಾತಕ, ಸಂಬಳ, ಕುಲ ಒಂದನ್ನೂ ಕೇಳಲಿಲ್ಲ. "ಸ್ಕೀ ಬರುತ್ತೇನೋ?" ಎಂದ, ಅಷ್ಟೆ. ಒಟ್ಮಾರ್ ಚೀಲಕ್ಕೆ ಕೈಹಾಕಿ ಒಂದು ಬೆಳ್ಳಿ ಬಣ್ಣದ ಕಪ್ ತೆಗೆದು ಮೇಜಿನ ಮೇಲಿಟ್ಟು, "ಚಾಂಪಿಯನ್" ಎಂದ. ಯಾವುದರಲ್ಲಿ ಎಂದು ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ. ಮದುವೆಯಾಯಿತು, ಅಂದಿನಿಂದ ನಾನು ಅವರನ್ನು ಬಹುವಚನದಲ್ಲಿ ಭಾವನವರು ಎನ್ನುತ್ತೇನೆ.

ಆ ಕಪ್ ನಮ್ಮ ಊಟದ ಕೋಣೆಯ ಮೂಲೆಯಲ್ಲಿ, ಶಿಲುಬೆಯ ಕೆಳಗೆ, ದೇವರ ಪಕ್ಕದಲ್ಲೇ ಕುಳಿತುಬಿಟ್ಟಿತು. ಭಾವನವರು ಸ್ಕೀ ಹತ್ತಿದ್ದನ್ನು ಮಾತ್ರ ಯಾರೂ ಕಾಣಲಿಲ್ಲ. ಕಾರಣ ಮಂಡಿ. ಹಳೇ ಪಂದ್ಯದಲ್ಲಿ ಬಿದ್ದ ಪೆಟ್ಟು. ಬೇಸಿಗೆಯಿಡೀ ಆ ಮಂಡಿ ಬೆಟ್ಟ ಹತ್ತುತ್ತಿತ್ತು, ಹುಲ್ಲು ಕೊಯ್ಯುತ್ತಿತ್ತು, ಮದುವೆಮನೆಯಲ್ಲಿ ಕುಣಿಯುತ್ತಿತ್ತು. ಮೊದಲ ಹಿಮದ ಪಕಳೆ ಬಿತ್ತೋ, ಭಾವನವರ ಕೈ ಮಂಡಿಗೆ ಹೋಗುತ್ತಿತ್ತು. ಪಾಪ ಅಕ್ಕ ಚಳಿಗಾಲ ಪೂರ್ತಿ ಬೆಚ್ಚಗಿನ ಎಣ್ಣೆ ತಿಕ್ಕುತ್ತಿದ್ದಳು.

ಸ್ಕೀ ಹತ್ತದಿದ್ದರೇನು, ಬಾಯಿ ಇತ್ತಲ್ಲ. ಭಾವನವರು ಕಣಿವೆಯ ಪೇಟೆಯ ವಿಮಾ ಕಚೇರಿಯಲ್ಲಿ ಅಪಘಾತದ ವಿಭಾಗದವರು. ಚಾಂಪಿಯನ್ ಬೇರೆ. ಹಾಗಾಗಿ ಪ್ರತಿ ವರ್ಷ ಹೊಸದಾಗಿ ಸ್ಕೀ ಕಲಿಯಲು ಬಂದ ಪ್ರವಾಸಿಗಳನ್ನು ಅಂಗಳದಲ್ಲಿ ನಿಲ್ಲಿಸಿ, ತಾವು ಮಹಡಿಯ ಮೊಗಸಾಲೆಯಲ್ಲಿ ನಿಂತು ಸುರಕ್ಷತೆಯ ಉಪದೇಶ ಮಾಡುತ್ತಿದ್ದರು. "ನಿಲ್ಲೋದನ್ನ ಕಲೀದೆ ಹೊರಡಬೇಡಿ! ಸುಸ್ತಾದ್ರೆ ದಾರಿ ಮಧ್ಯ ನಿಲ್ಲಬೇಡಿ, ಅಂಚಿಗೆ ಬನ್ನಿ! ಅಡ್ಡ ದಾಟೋಕೆ ಮುಂಚೆ ಮೇಲೂ ನೋಡಿ, ಕೆಳಗೂ ನೋಡಿ! ನಿಮ್ಮ ಯೋಗ್ಯತೆ ಮೀರಿ ವೇಗ ಹೋಗಬೇಡಿ!" ಕೇಳಿದವರ ಕಣ್ಣಲ್ಲಿ ನೀರು ಬರುತ್ತಿತ್ತು. ಡಚ್ಚರೊಬ್ಬರಂತೂ ಉಪದೇಶ ಕೇಳಿ ಹೆದರಿ, ಕಲಿಯುವುದನ್ನೇ ಬಿಟ್ಟು ಊರಿಗೆ ಹೊರಟುಹೋದರು. ಅದಕ್ಕಿಂತ ಸುರಕ್ಷತೆ ಇನ್ನೇನು ಬೇಕು?

ಹೀಗೆ ಸುಖವಾಗಿದ್ದ ಸಂಸಾರದಲ್ಲಿ ಅಪ್ಪನಿಗೆ ಎಂಬತ್ತನಾಲ್ಕು ತುಂಬಿತು. ಭಾನುವಾರದ ಊಟಕ್ಕೆ ಎಲ್ಲರೂ ಕೂತಿದ್ದಾಗ ಅಪ್ಪ ಚಮಚ ಕೆಳಗಿಟ್ಟ.

"ಈ ವರ್ಷದ ಸಂಘದ ಪಂದ್ಯ ಮುಗಿದ ಮೇಲೆ ಅಧ್ಯಕ್ಷಗಿರಿ ಬಿಡ್ತೀನಿ. ಒಟ್ಮಾರ್ ಆಗ್ಲಿ. ಮನೇಲೇ ಚಾಂಪಿಯನ್ ಇಟ್ಕೊಂಡು ಬೇರೆಯವರಿಗೆ ಯಾಕೆ ಕೊಡೋದು?"

ಭಾವನವರ ಗಂಟಲಲ್ಲಿ ಕ್ನೋಡೆಲ್ ಉಂಡೆ ನಿಂತಿತು. "ಮಾವ, ಅಧ್ಯಕ್ಷ ಆಗೋನು ಆ ಪಂದ್ಯದಲ್ಲಿ ಇಳೀಬೇಕು ಅಂತ ಪದ್ಧತಿ ಇದೆಯಲ್ಲ... ನನ್ನ ಮಂಡಿ..."

"ಅದಕ್ಕೇ ನಾಳೆ ಡಾಕ್ಟರ ಹತ್ರ ಹೋಗ್ತಿದೀವಿ," ಎಂದ ಅಪ್ಪ.

ಡಾಕ್ಟರ್ ಗೆರ್ಲಿಂಡೆ ಮಂಡಿಯನ್ನು ತಟ್ಟಿದರು, ತಿರುಚಿದರು, ಒಳಗಿನ ಚಿತ್ರ ತೆಗೆಸಿ ಬೆಳಕಿಗೆ ಹಿಡಿದು ಮೆಚ್ಚಿದರು. "ಒಸ್ವಾಲ್ಡ್, ಇದು ಹದಿನೆಂಟರ ಹುಡುಗನ ಮಂಡಿ. ಉಪಯೋಗಿಸದೆ ಇಟ್ಟಿದಾರೆ, ಹೊಚ್ಚ ಹೊಸದಾಗೇ ಇದೆ!" ಇಷ್ಟನ್ನು ಒಳಕೋಣೆಗಷ್ಟೇ ಕೇಳುವಂತೆ ಹೇಳಿದ್ದರೆ ಸಾಕಿತ್ತು. ಹೊರಗೆ ಕೂತ ರೋಗಿಗಳಿಗೂ ಕೇಳುವಂತೆ ಹೇಳಿದರು. ಅವರಲ್ಲಿ ಬೇಕರಿಯ ಅಫ್ರಾ ಇದ್ದಳು ಎಂದಮೇಲೆ ಊರಿಗೆ ಬೇರೆ ಡಂಗುರ ಬೇಕಿರಲಿಲ್ಲ. ಅಕ್ಕ ಸಂತೋಷಕ್ಕೆ ಅತ್ತೇಬಿಟ್ಟಳು. "ನೋಡಿದ್ರಾ ರೀ, ನನ್ನ ಎಣ್ಣೆ!"

ಅವತ್ತು ಸಂಜೆ ಭಾವನವರು ನನ್ನನ್ನು ಆಲೂಗಡ್ಡೆ ಇಡುವ ನೆಲಮಾಳಿಗೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು.

"ಕಿಲಿಯನ್, ನಂಗೆ ಸ್ಕೀ ಬರೋಲ್ಲ."

"ಮರೆತುಹೋಗಿರುತ್ತೆ ಬಿಡಿ ಭಾವ. ಹತ್ತಿದ್ರೆ ತಾನೇ ಬರುತ್ತೆ."

"ಮರೆಯೋಕೆ ಮೊದ್ಲು ಬರಬೇಕಲ್ಲಯ್ಯಾ! ಹುಟ್ಟಿದಾಗಿಂದ ಒಂದು ಸಲಾನೂ ಹತ್ತಿಲ್ಲ."

"ಮತ್ತೆ ಆ ಕಪ್ಪು?"

"ಅದು ಒಂಬತ್ತು ಗೂಟದ ಆಟದ್ದು. ಮರದ ಚೆಂಡು ಉರುಳಿಸಿ ಗೂಟ ಬೀಳಿಸೋದು. ಅದರಲ್ಲಿ ನಾನು ನಿಜವಾಗ್ಲೂ ಚಾಂಪಿಯನ್!"

ನಾನು ನಕ್ಕೆ. ಆಲೂಗಡ್ಡೆಯ ಮೇಲೆ ಬಿದ್ದು ಬಿದ್ದು ನಕ್ಕೆ. ಭಾವನವರು ನಗಲಿಲ್ಲ. "ನಗು, ನಗು. ನಿಮ್ಮಪ್ಪ ಗಿಡೋಗೆ ಏನು ಮಾಡಿದ್ರು ನೆನಪಿದೆಯಾ?" ಎಂದರು. ನನ್ನ ನಗು ನಿಂತಿತು.

ಗಿಡೋ ನಮ್ಮ ಚಿಕ್ಕಪ್ಪನ ಮಗ. ಹಾಲಿನ ವ್ಯಾನಿಗೆ ಸಿಕ್ಕಿ ಸತ್ತ ಜಿಂಕೆಯನ್ನು ತಾನೇ ಗುಂಡು ಹೊಡೆದು ಕೊಂದೆನೆಂದು ಹೇಳಿ ಅಪ್ಪನಿಗೆ ಒಂದು ತೊಡೆ ಕೊಟ್ಟಿದ್ದ. ಸತ್ಯ ತಿಳಿದ ದಿನ ಅಪ್ಪ ಅವನಿಗೆ, "ಸುಳ್ಳು ಹೇಳಿದವನು ನನ್ನ ಭಾನುವಾರದ ಮೇಜಿಗೆ ಬರಬೇಡ" ಎಂದ. ವರ್ಷಗಳಾದವು. ಗಿಡೋ ಈಗಲೂ ಭಾನುವಾರ ನಮ್ಮ ಅಡುಗೆಮನೆಯ ಕಿಟಕಿಯ ಹೊರಗೆ ಒಂದು ಗಳಿಗೆ ನಿಂತು, ಮೂಗು ತುಂಬ ವಾಸನೆ ಎಳೆದುಕೊಂಡು ಮುಂದೆ ಹೋಗುತ್ತಾನೆ. ನಮ್ಮೂರಿನಲ್ಲಿ ಅಪ್ಪನ ಮೇಜಿನಿಂದ ಎಬ್ಬಿಸಿಕೊಂಡವನು ಊರಿನಿಂದಲೇ ಎದ್ದಂತೆ. ಭಾವನವರ ಕಣ್ಣಲ್ಲಿ ನಿಜವಾಗಿ ನೀರಿತ್ತು. "ಬುರ್ಗಿ ಮುಖ ಹೇಗೆ ನೋಡ್ಲಿ ಕಿಲಿಯನ್? ಇಪ್ಪತ್ತಾರು ವರ್ಷ ತಿಕ್ಕಿದಾಳೆ."

ಹೀಗಾಗಿ ನಾವು ಬೆಟ್ಟದ ಆಚೆಯ ಫ್ಲಾಖ್‌ಟಾಲ್ ಕಣಿವೆಗೆ ಗುಟ್ಟಾಗಿ ಹೋಗುವುದೆಂದಾಯಿತು. ಅಲ್ಲಿ ನಮ್ಮನ್ನು ಬಲ್ಲವರಿಲ್ಲ. ಪಂದ್ಯಕ್ಕೆ ಇನ್ನೂ ಮೂರು ವಾರ ಇತ್ತು.

ಮೊದಲ ದಿನ ಭಾವನವರು ಕಾರಿನಿಂದ ಇಳಿದಾಗ ನನಗೆ ಅವರ ಗುರುತು ಸಿಗಲಿಲ್ಲ. ತಲೆಗೆ ಶಿರಸ್ತ್ರಾಣ, ಬೆನ್ನಿಗೆ ಆಮೆಚಿಪ್ಪಿನಂಥ ರಕ್ಷೆ, ಮಣಿಕಟ್ಟಿಗೆ ಪಟ್ಟಿ, ಮೊಣಕೈಗೆ ಪಟ್ಟಿ, ಸರಿಯಾಗಿರುವ ಮಂಡಿಗೂ ಪಟ್ಟಿ. ಚಡ್ಡಿಯ ಹಿಂಭಾಗದಲ್ಲಿ ಅಕ್ಕನ ತಲೆದಿಂಬು. ಉಪದೇಶದಲ್ಲಿ ಹೇಳಿದ್ದನ್ನೆಲ್ಲ ಒಬ್ಬರೇ ತೊಟ್ಟಿದ್ದರು. ಬಗ್ಗಲು ಆಗುತ್ತಿರಲಿಲ್ಲವಾದ್ದರಿಂದ ಬೂಟನ್ನು ನಾನೇ ಹಾಕಬೇಕಾಯಿತು.

ಅಲ್ಲಿನ ಗುರು ವೀಟ್ ಎಂಬ ಹುಡುಗ. ಬಿಸಿಲಿಗೆ ಸುಟ್ಟ ಮುಖ, ಬಾಯಿತುಂಬ ಹಲ್ಲು. ಅವನ ತರಗತಿಯಲ್ಲಿ ನಾಲ್ಕು ವರ್ಷದ ಮಕ್ಕಳ ಹಿಂಡು, ಹಿಂಡಿನ ಕೊನೆಗೆ ಭಾವನವರು. ಮಕ್ಕಳನ್ನು ಮೇಲಕ್ಕೆ ಒಯ್ಯುವ ಚಲಿಸುವ ಚಾಪೆಯ ಮೇಲೆ ನಿಂತರೆ ಸಾಕು, ತಾನೇ ಸಾಗುತ್ತದೆ. ಭಾವನವರು ಅದರ ಮೇಲೂ ಬಿದ್ದರು. ಬಿದ್ದವರು ಬಿದ್ದ ಹಾಗೆಯೇ ಮೇಲೆ ತಲುಪಿದರು.

ನಮ್ಮಲ್ಲೊಂದು ಪದ್ಧತಿ. ಕೆಳಗೆ ಊರಿನಲ್ಲಿ ಹಿರಿಯರು, ಅಧಿಕಾರಿಗಳು, ಪಾದ್ರಿಗಳು ಎಲ್ಲರಿಗೂ ನೀವು, ತಾವು. ಬೆಟ್ಟ ಹತ್ತಿದಿರೋ, ಮಂತ್ರಿಯಾದರೂ ನೀನೇ. ಮೇಲೆ ಮರ್ಯಾದೆಗೆ ಉಸಿರು ಸಾಲದು. ನಾನೂ ಪದ್ಧತಿ ಬಿಡಲಿಲ್ಲ.

"ಕಾಲು ಅಗಲಿಸೋ ಭಾವ! ಮುಂದೆ ತುದಿ ಸೇರಿಸು! ಹಿಂದೆ ಬಿಚ್ಚು!"

"ಪಿಜ್ಜಾ ಮಾಡು ಒಟ್ಮಾರ್, ಪಿಜ್ಜಾ!" ಎಂದು ವೀಟ್ ಕೂಗಿದ. ಎರಡು ಹಲಗೆಗಳನ್ನು ಪಿಜ್ಜಾ ತುಂಡಿನ ಹಾಗೆ ಮುಂದೆ ಚೂಪಾಗಿ ಹಿಂದೆ ಅಗಲವಾಗಿ ಇಟ್ಟರೆ ವೇಗ ತಗ್ಗುತ್ತದೆ, ನಿಲ್ಲುತ್ತದೆ. ಮಕ್ಕಳಿಗೆ ಕಲಿಸುವ ಮೊದಲ ಪಾಠ. ನಾಲ್ಕು ವರ್ಷದ ಮಕ್ಕಳು ಸಾಲಾಗಿ ಪಿಜ್ಜಾ ಮಾಡಿಕೊಂಡು ಇಳಿದರು. ಭಾವನವರು ಪಿಜ್ಜಾ ಮಾಡದೆ ನೆಟ್ಟಗೆ ಹೋಗಿ, ಜನರನ್ನು ಬೆಟ್ಟಕ್ಕೆ ಎಳೆದೊಯ್ಯುವ ಲಿಫ್ಟಿನ ಕಂಬಕ್ಕೆ ಸುತ್ತಿದ್ದ ಗಾದಿಗೆ ಡಿಕ್ಕಿ ಹೊಡೆದು, ಅದನ್ನು ತಬ್ಬಿಕೊಂಡು ನಿಧಾನವಾಗಿ ಕೆಳಗೆ ಸರಿದರು.

ದೇವರು ದೊಡ್ಡವನು. ಆ ಹೊತ್ತಿಗೇ ಫ್ಲಾಖ್‌ಟಾಲ್‌ನ ಹೋಟೆಲಿಗೆ ರೊಟ್ಟಿ ಹಾಕಲು ಬಂದಿದ್ದ ನಮ್ಮೂರ ಬೇಕರಿಯ ಅಫ್ರಾ ಬುಟ್ಟಿ ಹಿಡಿದು ಅಲ್ಲಿ ನಿಂತಿದ್ದಳು.

ನಾನು ಮುಗಿಯಿತು ಎಂದುಕೊಂಡೆ. ಅಫ್ರಾಳ ತಲೆ ಓಡುವ ದಾರಿಯೇ ಬೇರೆ. ಭಾವನವರು ಚಾಂಪಿಯನ್, ಅದು ಅವಳಿಗೆ ಗೊತ್ತು. ಚಾಂಪಿಯನ್ ಮಕ್ಕಳ ಇಳಿಜಾರಿನಲ್ಲಿ ಬೀಳುವುದು ಆಗಹೋಗದ ಮಾತು. ಹಾಗಾದರೆ ಬೇಕೆಂದೇ ಬೀಳುತ್ತಿದ್ದಾರೆ. ಯಾಕೆ ಬೀಳುತ್ತಿದ್ದಾರೆ? ವಿಮಾ ಕಚೇರಿ, ಅಪಘಾತದ ವಿಭಾಗ! ಅಲ್ಲಿಂದ ನೇರ ಲಿಫ್ಟಿನ ವ್ಯವಸ್ಥಾಪಕ ರೋಮೆಡ್‌ನ ಹತ್ತಿರ ಹೋಗಿ, "ಅಯ್ಯೋ ಪುಣ್ಯಾತ್ಮ, ನಿನ್ನ ಇಳಿಜಾರಿಗೆ ಗುಟ್ಟಾಗಿ ತಪಾಸಣೆಗೆ ಬಂದಿದಾರೆ. ನೀನು ನೋಡಿದ್ರೆ ಇಲ್ಲಿ ಕಾಫಿ ಕುಡೀತಾ ಕೂತಿದೀಯ!" ಎಂದಳಂತೆ.

ಮರುದಿನ ನಾವು ಹೋದಾಗ ರೋಮೆಡ್ ದಪ್ಪ ಹೊಟ್ಟೆಯ ಮೇಲೆ ಟೈ ಕಟ್ಟಿಕೊಂಡು, ತಟ್ಟೆಯಲ್ಲಿ ಸಾರಾಯಿ ಲೋಟಗಳನ್ನಿಟ್ಟುಕೊಂಡು ಹಿಮದಲ್ಲಿ ಕಾಯುತ್ತಿದ್ದ.

"ಬರಬೇಕು, ಬರಬೇಕು. ತಾವು ಬಂದದ್ದು ನಮ್ಮ ಭಾಗ್ಯ."

ಭಾವನವರು ನನ್ನ ತೋಳು ಹಿಡಿದರು. "ಕಿಲಿಯನ್, ಬೆಟ್ಟದ ಮೇಲೆ ಇವನು ತಾವು ಅಂತಿದಾನೆ. ಯಾರಾದ್ರೂ ಸತ್ತಿದಾರಾ?"

ಸತ್ತದ್ದು ಭಾವನವರ ವಿದ್ಯಾಭ್ಯಾಸ. ಅಂದಿನಿಂದ ವೀಟ್ ಅವರಿಗೆ ಒಂದಕ್ಷರ ಹೇಳಿಕೊಡಲಿಲ್ಲ. ಕೇಳಿದರೆ ಹಲ್ಲು ಬಿಟ್ಟು, "ತಮಗೆ ನಾನು ಹೇಳಿಕೊಡೋದಾ ಸಾಹೇಬ್ರೇ!" ಎನ್ನುತ್ತಿದ್ದ. ಭಾವನವರು ಮತ್ತೆ ಗಾದಿಗೆ ಗುದ್ದಿದರು. ರೋಮೆಡ್ ಓಡಿ ಬಂದ.

"ಗಾದಿ ತೆಳ್ಳಗಾಯ್ತಾ ಸಾಹೇಬ್ರೇ?"

ಬಾಯಿತುಂಬ ಹಿಮ ತುಂಬಿಕೊಂಡಿದ್ದ ಭಾವನವರು, "ಹೂಂ... ಹೂಂ..." ಎಂದರು.

"ಕೇಳಿದ್ಯೇನೋ ವೀಟ್! ತೆಳ್ಳಗಿದೆಯಂತೆ! ಅಯ್ಯೋ ನಮ್ಮ ಮಾನ ಹೋಯ್ತಲ್ಲೋ!"

ಮಾರನೆಯ ದಿನ ಕಂಬಗಳಿಗೆಲ್ಲ ಎರಡೆರಡು ಗಾದಿ. ಭಾವನವರು ಬಲೆಗೆ ಹೋಗಿ ಬಿದ್ದು ಮೀನಿನ ಹಾಗೆ ಒದ್ದಾಡಿದರೆ ಬಲೆ ಬದಲಾಯಿತು. ಬೇಲಿಗೆ ಸಿಕ್ಕಿದರೆ ಬೇಲಿ ಹೋಯಿತು. ಅಂಗಾತ ಬಿದ್ದು ಆಕಾಶ ನೋಡುತ್ತಾ ಮಲಗಿದರೆ, "ಹಿಮದ ಗಟ್ಟಿತನ ನೋಡ್ತಿದಾರೆ, ಯಾರೂ ಮಾತಾಡ್ಬೇಡಿ" ಎಂದು ರೋಮೆಡ್ ಟೊಪ್ಪಿಗೆ ತೆಗೆದು ನಿಲ್ಲುತ್ತಿದ್ದ. ಕೊನೆಗೆ ಭಾವನವರಿಗೆ ತಡೆಯಲಾಗಲಿಲ್ಲ. ಎದ್ದು ಕೂತು ಕೂಗಿದರು.

"ರೀ ಸ್ವಾಮಿ, ನಂಗೆ ಸ್ಕೀ ಬರೋಲ್ಲಾರೀ! ಕಲಿಯೋಕೆ ಬಂದಿದೀನಿ! ದಯವಿಟ್ಟು ಯಾರಾದ್ರೂ ಕಲಿಸ್ರೀ!"

ರೋಮೆಡ್ ಅತ್ತ ಇತ್ತ ನೋಡಿ ಒಂದು ಕಣ್ಣು ಮುಚ್ಚಿದ. "ಅರ್ಥ ಆಯ್ತು ಸಾಹೇಬ್ರೇ. ನಮ್ಮ ಬಾಯಿಂದ ಒಂದು ಮಾತೂ ಹೊರಗೆ ಬೀಳೋಲ್ಲ."

ಇಪ್ಪತ್ತಾರು ವರ್ಷ ಸುಳ್ಳು ಹೇಳಿದಾಗ ಲೋಕವೆಲ್ಲ ನಂಬಿತು. ಒಂದೇ ಒಂದು ದಿನ ಸತ್ಯ ಹೇಳಿದರೆ ನಂಬಲು ಒಂದು ನರಪಿಳ್ಳೆ ಇಲ್ಲ. ಮೂರು ವಾರದಲ್ಲಿ ಫ್ಲಾಖ್‌ಟಾಲ್‌ನ ಇಳಿಜಾರು ತೊಟ್ಟಿಲಿನಷ್ಟು ಮೆತ್ತಗಾಯಿತು. ಭಾವನವರು ಕಲಿತದ್ದು ಒಂದೇ ವಿದ್ಯೆ, ಪಿಜ್ಜಾ. ಅದನ್ನಂತೂ ಚೆನ್ನಾಗಿಯೇ ಕಲಿತರು. ಎಷ್ಟು ಚೆನ್ನಾಗಿ ಎಂದರೆ, ಇಳಿಜಾರಿನಲ್ಲಿ ಹೊರಟವರು ಮುಂದಕ್ಕೇ ಹೋಗುತ್ತಿರಲಿಲ್ಲ.

ಸುದ್ದಿ ಅಫ್ರಾಳ ರೊಟ್ಟಿಯ ಜತೆ ನಮ್ಮೂರ ಮನೆಮನೆಗೂ ತಲುಪಿತ್ತು. "ರೀ, ಕಚೇರಿ ಗುಟ್ಟು ಅಂತ ನಂಗೂ ಹೇಳ್ಲಿಲ್ವಲ್ರೀ!" ಎಂದು ಅಕ್ಕ ಹೆಮ್ಮೆಯಿಂದ ಮುನಿಸಿಕೊಂಡಳು. ಅಪ್ಪ ಮಾತ್ರ ಮೀಸೆಯ ತುದಿ ತಿರುವುತ್ತಾ ಅಳಿಯನನ್ನು ನೋಡುತ್ತಾ ಕೂತಿದ್ದ. ಆ ನೋಟಕ್ಕೆ ಭಾವನವರಿಗೆ ಅನ್ನ ಸೇರುತ್ತಿರಲಿಲ್ಲ.

ಪಂದ್ಯದ ವಿಷಯ ಹೇಳಬೇಕು. ನಮ್ಮ ಸಂಘದ ಪಂದ್ಯದಲ್ಲಿ ಬೇಗ ಬಂದವನಿಗೆ ಏನೂ ಇಲ್ಲ. ಹಿಂದೊಮ್ಮೆ ಬೇಗ ಬಂದ ಇಬ್ಬರು ನಾನು ಮೊದಲು ತಾನು ಮೊದಲು ಎಂದು ಹೊಡೆದಾಡಿ ಮೂಗು ಮುರಿದುಕೊಂಡ ಮೇಲೆ ಹಿರಿಯರು ಒಂದು ತೀರ್ಮಾನಕ್ಕೆ ಬಂದರು. ಎಲ್ಲರ ಹೊತ್ತನ್ನೂ ಕೂಡಿಸಿ ಸರಾಸರಿ ತೆಗೆಯುವುದು, ಆ ಸರಾಸರಿಗೆ ಯಾರು ಹತ್ತಿರವೋ ಅವರೇ ಗೆದ್ದಂತೆ. ಬಹುಮಾನ, ಹೊಗೆ ಹಾಕಿ ಒಣಗಿಸಿದ ಒಂದು ಇಡೀ ಹಂದಿತೊಡೆ. ಸಾಧಾರಣ ಮನುಷ್ಯನಿಗೆ ಸನ್ಮಾನ ಸಿಗುವ ಜಾಗ ಜಗತ್ತಿನಲ್ಲಿ ಇದೊಂದೇ ಇರಬೇಕು. ಎಲ್ಲದರಲ್ಲೂ ಸಾಧಾರಣಳಾದ ಅಫ್ರಾ ಪ್ರತಿ ವರ್ಷ ಗೆದ್ದು, ತೊಡೆಯನ್ನು ಅಂಗಡಿಯ ಕಿಟಕಿಯಲ್ಲಿ ಅಪ್ಪನಿಗೆ ಕಾಣುವಂತೆ ತೂಗುಹಾಕುತ್ತಿದ್ದಳು. ಅಪ್ಪ ಜೀವಮಾನದಲ್ಲಿ ಒಂದು ಸಲವೂ ಗೆದ್ದಿಲ್ಲ. ಪ್ರಾಯದಲ್ಲಿ ಅತಿ ಬೇಗ ಬಂದ, ಮುಪ್ಪಿನಲ್ಲಿ ಅತಿ ತಡವಾಗಿ ಬಂದ. ನಡುವೆ ಸರಾಸರಿ ಯಾವಾಗ ದಾಟಿಹೋಯಿತೋ ಅವನಿಗೇ ತಿಳಿಯಲಿಲ್ಲ. ಈ ಕೊರಗು ಅವನನ್ನು ತಿನ್ನುತ್ತಿತ್ತು.

ಪಂದ್ಯದ ದಿನ ಬಿಸಿಲು ಫಳಫಳ. ಮೂವತ್ತು ಜನ ಇಳಿಯುವವರು. ಹೆಚ್ಚಿನವರು ಒಂದೂವರೆ ನಿಮಿಷಕ್ಕೆ ಸರ್ರನೆ ಬಂದುಬಿಟ್ಟರು. ಅಫ್ರಾ ಎಂದಿನಂತೆ ಹದವಾಗಿ ಬಂದು, ತೊಡೆ ಕಟ್ಟಲು ತಂದಿದ್ದ ಬಟ್ಟೆಯನ್ನು ಬಿಡಿಸಿಕೊಂಡು ನಿಂತಳು. ಅಪ್ಪ ತನ್ನ ಹಳೇ ಮರದ ಹಲಗೆಗಳ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಮೂರು ನಿಮಿಷಕ್ಕೆ ಬಂದ. ಕೊನೆಗೆ ಇಳಿಯುವ ಗೌರವ ಚಾಂಪಿಯನ್ನರದು.

ಮೇಲೆ ಭಾವನವರ ಜತೆ ನಾನೊಬ್ಬನೇ ಇದ್ದೆ. ಅವರ ತುಟಿ ಬಿಳಿಚಿತ್ತು.

"ಕಿಲಿಯನ್, ನಂಗೇನಾದ್ರೂ ಆದ್ರೆ ಬುರ್ಗಿಗೆ ನಿಜ ಹೇಳ್ಬೇಡ. ಸತ್ತ ಮೇಲಾದ್ರೂ ಆ ಮೇಜಿನ ಮೇಲೆ ನನ್ನ ಚಿತ್ರ ಇರ್ಲಿ."

"ಪಿಜ್ಜಾ ಬಿಡಬೇಡ ಭಾವ. ಏನೇ ಆದ್ರೂ ಬಿಡಬೇಡ," ಎಂದೆ. ಆಮೇಲೆ ಪಕ್ಕದ ದಾರಿಯಲ್ಲಿ ಇಳಿದು ಕೆಳಗೆ ಜನರ ನಡುವೆ ನಿಂತೆ.

ಹೊರಟರು. ಹೊರಟರು ಎನ್ನುವುದು ಸ್ವಲ್ಪ ದೊಡ್ಡ ಮಾತು. ತಮ್ಮ ಉಪದೇಶದ ಒಂದೊಂದು ಮಾತನ್ನೂ ತಾವೇ ಪಾಲಿಸುತ್ತಾ ಭಾವನವರು ಇಳಿಜಾರಿನ ಈ ಅಂಚಿನಿಂದ ಆ ಅಂಚಿಗೆ ತೆವಳಿದರು. ಪ್ರತಿ ಗುರುತುಕಂಬದ ಬಳಿ ನಿಂತರು. ಸುಸ್ತಾಯಿತು, ದಾರಿ ಮಧ್ಯ ನಿಲ್ಲದೆ ಅಂಚಿಗೆ ಬಂದು ಕೂತರು. ಎದ್ದರು, ಬಿದ್ದರು. ಒಂದು ಹಲಗೆ ಕಳಚಿಕೊಂಡಿತು. ಅದನ್ನು ಸಿಕ್ಕಿಸಿಕೊಳ್ಳುವಷ್ಟರಲ್ಲಿ ಕೆಳಗೆ ವಾದ್ಯಮೇಳದವರು ಒಂದೇ ಮೆರವಣಿಗೆ ಹಾಡನ್ನು ಮತ್ತೆ ಮತ್ತೆ ಊದಿ, ಕಹಳೆ ತುಟಿಗೆ ಹೆಪ್ಪುಗಟ್ಟಲು ಶುರುವಾದ ಮೇಲೆ ಕುಡಿಯಲು ಒಳಗೆ ಹೋದರು. ಸಾಸೇಜು ಮುಗಿಯಿತು.

"ಕಂಬ ಕಂಬಾನೂ ಪರೀಕ್ಷೆ ಮಾಡ್ತಿದಾರೆ," ಎಂದು ಒಬ್ಬ ಭಕ್ತಿಯಿಂದ ಹೇಳಿದ.

"ನಮ್ಮಲ್ಲೂ ಹೀಗೇ ಮಾಡಿದ್ರು," ಎಂದ, ಬೆಟ್ಟ ದಾಟಿ ನೋಡಲು ಬಂದಿದ್ದ ರೋಮೆಡ್. "ಈಗ ನಮ್ಮ ಇಳಿಜಾರಲ್ಲಿ ಮೊಟ್ಟೆ ಉರುಳಿಸಿದ್ರೂ ಒಡೆಯೋಲ್ಲ."

ಕೊನೆಗೂ ಭಾವನವರು ಗೆರೆಯ ಹತ್ತಿರ ಬಂದರು. ಒಂದು ಮೊಳ ಇದೆ ಎನ್ನುವಾಗ ನಿಂತುಬಿಟ್ಟರು. ಅಡ್ಡ ದಾಟುವ ಮುಂಚೆ ಮೇಲೆ ನೋಡಿದರು. ಕೆಳಗೆ ನೋಡಿದರು. ಯಾರೂ ಬರುತ್ತಿಲ್ಲವೆಂದು ಖಾತ್ರಿಯಾದ ಮೇಲೆ ದಾಟಿದರು. ಗಡಿಯಾರ ಹಿಡಿದು ನಿಂತಿದ್ದ ಡಾಕ್ಟರ್ ಗೆರ್ಲಿಂಡೆ ಅದನ್ನು ಒಮ್ಮೆ ಅಲುಗಾಡಿಸಿ ನೋಡಿದರು. ಮುಕ್ಕಾಲು ಗಂಟೆ.

ನಮ್ಮ ಊಟದ ಕೋಣೆಯಲ್ಲಿ ಊರೇ ಕಿಕ್ಕಿರಿದಿತ್ತು. ಡಾಕ್ಟರ್ ಕೂಡಿಸಿದರು, ಭಾಗಿಸಿದರು, ಹುಬ್ಬು ಗಂಟಿಕ್ಕಿ ಮತ್ತೆ ಕೂಡಿಸಿದರು. ಆಮೇಲೆ ಎದ್ದು ನಿಂತರು.

"ಈ ವರ್ಷದ ಸರಾಸರಿ ಮೂರು ನಿಮಿಷ. ಗೆದ್ದವರು ಒಸ್ವಾಲ್ಡ್."

ಮುಕ್ಕಾಲು ಗಂಟೆ ಸೇರಿದ ಮೇಲೆ ಸರಾಸರಿ ಇನ್ನೆಲ್ಲಿ ನಿಂತೀತು? ಊರಿನ ಶೂರರನ್ನೆಲ್ಲ ಹಿಂದೆ ಬಿಟ್ಟು ಮೇಲಕ್ಕೆ ಹತ್ತಿ, ಎಂಬತ್ತನಾಲ್ಕರ ಮುದುಕನ ಪಕ್ಕ ಹೋಗಿ ಕೂತುಬಿಟ್ಟಿತ್ತು. ಅಫ್ರಾ ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಬಿಸಾಡಿದಳು.

"ಮೋಸ! ಇದು ಮೋಸ! ಒಬ್ಬನೇ ಮುಕ್ಕಾಲು ಗಂಟೆ ತಗೊಂಡ್ರೆ ಲೆಕ್ಕ ಏನಾಗ್ಬೇಕು?"

"ಬೇಗ ಬರಬೇಕು ಅಂತ ನಿಯಮ ಎಲ್ಲೂ ಇಲ್ಲವಲ್ಲ ಅಫ್ರಾ," ಎಂದರು ಡಾಕ್ಟರ್.

"ಚಾಂಪಿಯನ್ ಅಂತೆ ಚಾಂಪಿಯನ್ನು! ಮುಕ್ಕಾಲು ಗಂಟೆ ತಗೊಳೋ ಚಾಂಪಿಯನ್ ಯಾವ ಲೋಕದಲ್ಲಿದಾನೆ? ತಪಾಸಣೆಯಂತೆ, ಮಣ್ಣಂತೆ! ನಾನೇ ಪೆದ್ದಿ, ಊರಿಗೆಲ್ಲ ಹೇಳ್ಕೊಂಡು ತಿರುಗಿದೆ. ಈ ಮನುಷ್ಯನಿಗೆ ಸ್ಕೀನೇ ಬರೋಲ್ಲ! ಯಾವತ್ತೂ ಬರ್ತಿರ್ಲಿಲ್ಲ!"

ಕಿಟಕಿಯ ಹೊರಗೆ ನಿಂತಿದ್ದ ಗಿಡೋನ ಮುಖದಲ್ಲಿ, ಜತೆಗೊಬ್ಬ ಸಿಕ್ಕನೆಂಬ ಆಸೆ ಮೂಡಿತು. ಭಾವನವರು ಶಿರಸ್ತ್ರಾಣವನ್ನೂ ತೆಗೆಯದೆ ಅಲ್ಲೇ ಮರಗಟ್ಟಿ ನಿಂತಿದ್ದರು. ಎಲ್ಲರ ಕಣ್ಣೂ ಅಪ್ಪನ ಮೇಲೆ.

ಅಪ್ಪ ಎದ್ದ. ಮೊದಲು ಹಂದಿತೊಡೆಯನ್ನು ಎತ್ತಿ ಕಂಕುಳಲ್ಲಿ ಭದ್ರ ಮಾಡಿಕೊಂಡ. ಆಮೇಲೆ ಮಾತು.

"ಹೋದ ವರ್ಷ ಈ ಊರಲ್ಲಿ ಬೇಗ ಬಂದೋರು ಎಷ್ಟು ಜನ ಡಾಕ್ಟರ ಹತ್ರ ಕಾಲಿಗೆ ಪಟ್ಟಿ ಹಾಕಿಸ್ಕೊಂಡ್ರಿ? ಕೈ ಎತ್ತಿ." ನಾಲ್ಕೈದು ಕೈಗಳು ಮುಜುಗರದಿಂದ ಎದ್ದವು. "ನನ್ನ ಅಳಿಯ ಸುರಕ್ಷತೆ ಅಂದ. ಅಂದ ಹಾಗೇ ಇಳಿದು ತೋರಿಸ್ದ. ಹೊರಡುವಾಗ ಎಷ್ಟು ಮೂಳೆ ಇತ್ತೋ ಅಷ್ಟೂ ತಗೊಂಡು ಬಂದ. ಇನ್ಮೇಲೆ ಅವನೇ ಅಧ್ಯಕ್ಷ. ಅಫ್ರಾ, ಆ ಬಟ್ಟೆ ಇಲ್ಲಿ ಕೊಡು, ತೊಡೆ ಕಟ್ಟೋಕೆ ಬೇಕು."

ಜನ ಹೋ ಎಂದು ಮೇಜು ಗುದ್ದಿದರು. ಆ ಗದ್ದಲದಲ್ಲಿ ಅಪ್ಪ ಒಂದು ಕೈಯಲ್ಲಿ ಅಳಿಯನ ಕುತ್ತಿಗೆಪಟ್ಟಿ, ಇನ್ನೊಂದರಲ್ಲಿ ಶಿಲುಬೆಯ ಕೆಳಗಿನ ಕಪ್ ಹಿಡಿದು ಅಡುಗೆಮನೆಗೆ ನಡೆದ. ನಾನು ಹಿಂದೆ ಹೋದೆ.

ಭಾವನವರು ಕೈಮುಗಿದರು. "ಮಾವ, ನಾನು... ಆ ಕಪ್ಪು..."

ಅಪ್ಪ ಕಪ್ಪನ್ನು ಬೋರಲು ಹಾಕಿ ತಳ ತೋರಿಸಿದ. ಒಂಬತ್ತು ಪುಟ್ಟ ಗೂಟಗಳ ಚಿತ್ರ ಕೆತ್ತಿತ್ತು. "ನೀನು ಬಂದ ದಿನಾನೇ ನಿಮ್ಮತ್ತೆ ಇದನ್ನ ತೊಳೆದಿಟ್ಳು. ಅವಳಿಗೆ ಕಣ್ಣಿರ್ಲಿಲ್ವಾ?"

"ಗೊತ್ತಿದ್ದೂ... ಗೊತ್ತಿದ್ದೂ ಮಗಳನ್ನ ಕೊಟ್ರಾ?"

"ನಿನಗೆ ಮೊದಲು ಬುರ್ಗಿನ ಕೇಳ್ಕೊಂಡು ಮೂರು ಜನ ಬಂದಿದ್ರು. ಮೂವರೂ ಸ್ಕೀಲಿ ಗಾಳಿ ಹಂಗೆ. ಹಂಗೇ ಗಾಳಿ ಹಂಗೆ ಹೋದ್ರು, ಬೆಟ್ಟಕ್ಕೊಂದು ಹುಡುಗಿ! ನೀನು ಬಂದೆ ಪೇಟೆ ಬೂಟಲ್ಲಿ. ಇವನಿಗೆ ಸ್ಕೀ ಬರೋಲ್ಲ, ಒಂದು ಸಲ ಹಿಮ ಬಿತ್ತು ಅಂದ್ರೆ ಈ ಊರು ಬಿಟ್ಟು ಎಲ್ಲಿಗೆ ಓಡಿಹೋದಾನು ಅಂತ ನಿನಗೆ ಕೊಟ್ಟೆ."

ಭಾವನವರು ಒಲೆಯ ಪಕ್ಕದ ಬೆಂಚಿನ ಮೇಲೆ ಕುಸಿದು ಕೂತರು. ಹಿಂದಿನ ದಿಂಬು ಮೆತ್ತಗೆ ಉಸಿರು ಬಿಟ್ಟಿತು. "ಮತ್ತೆ ಗಿಡೋ? ಸುಳ್ಳು ಹೇಳಿದ್ದಕ್ಕೆ ಅವನನ್ನ..."

"ಗಿಡೋನ ಜಿಂಕೆ ನಾನು ನಂಬಿದ್ದೆ ಕಣೋ! ತಿಂದೂ ಇದ್ದೆ! ಸುಳ್ಳು ಅಂದ್ರೆ ಕೇಳೋನು ನಂಬಬೇಕು. ನಿಂದು ನಾನು ಒಂದು ದಿನಾನೂ ನಂಬ್ಲಿಲ್ಲ. ನಂಬದ ಮೇಲೆ ಅದು ಸುಳ್ಳು ಹೆಂಗಾಗುತ್ತೆ?"

ಅಪ್ಪ ಚಾಕು ತೆಗೆದು ತೊಡೆಯಿಂದ ತೆಳ್ಳಗೆ ಒಂದು ಚೂರು ಕತ್ತರಿಸಿ ಬಾಯಿಗಿಟ್ಟ. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದ. ಐವತ್ತು ವರ್ಷ ಕಾದ ಚೂರು ಅದು. ಎರಡನೆಯ ಚೂರನ್ನು ಅಳಿಯನಿಗೆ ಕೊಟ್ಟ. ಆಮೇಲೆ ಚಾಕುವನ್ನೇ ಬೆರಳಾಗಿ ಆಡಿಸಿದ.

"ಇನ್ನೊಂದು ಮಾತು. ಮುಂದಿನ ವರ್ಷಾನೂ ಇಳೀಬೇಕು. ಇಷ್ಟೇ ನಿಧಾನಕ್ಕೆ. ಆಗ್ಲಿಲ್ಲ ಅಂದ್ರೆ ಇನ್ನೂ ನಿಧಾನಕ್ಕೆ. ನಾನಿರೋ ತನಕ ನೀನು ಸ್ಕೀ ಕಲ್ತೆ ಅಂತ ಕಿವಿಗೆ ಬಿತ್ತೋ, ಗಿಡೋ ಪಕ್ಕ ಕಿಟಕಿ ಹೊರಗೆ ಜಾಗ ಇದೆ."

ಅದು ಹೋದ ವರ್ಷದ ಮಾತು. ಈ ಚಳಿಗಾಲ ರೋಮೆಡ್‌ನ ಹತ್ತಿರ ಏನೋ ಕೆಲಸವಿದ್ದು ಫ್ಲಾಖ್‌ಟಾಲ್‌ಗೆ ಹೋಗಿದ್ದೆ. ಮಕ್ಕಳ ಇಳಿಜಾರಿನಲ್ಲಲ್ಲ, ಅದರ ಮೇಲೆ, ಕಡಿದಾದ ದೊಡ್ಡ ಇಳಿಜಾರಿನಲ್ಲಿ ಒಬ್ಬ ಮನುಷ್ಯ ನೀರು ಹರಿದಂತೆ ಇಳಿದು ಬರುತ್ತಿದ್ದ. ಎಂಥ ತಿರುವು, ಎಂಥ ಬಾಗು! ನಮ್ಮೂರ ಹುಡುಗರು ನಾಚಬೇಕು. ನನ್ನ ಮುಂದೆಯೇ ಬಂದು ಹಿಮ ಚಿಮ್ಮಿಸಿ ಗಕ್ಕನೆ ನಿಂತ. ಮುಖಕ್ಕೆ ಸುತ್ತಿದ್ದ ಬಟ್ಟೆ ಜಾರಿತು. ನಾನೂ ನೋಡಿದೆ, ಅವನೂ ನೋಡಿದ. ಅವನ ಕೈ ತಂತಾನೇ ಮಂಡಿಗೆ ಹೋಯಿತು.

"ಕಿಲಿಯನ್," ಎಂದರು ಭಾವನವರು, ಅಳು ಬರುವ ದನಿಯಲ್ಲಿ, "ದಮ್ಮಯ್ಯ ಅಂತೀನಿ, ಮಾವನಿಗೆ ಹೇಳ್ಬೇಡ ಕಣೋ."

ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ಬಂದೆವು. ಭಾವನವರು ಬಾಗಿಲಿನಿಂದಲೇ ಕುಂಟುತ್ತಾ ಒಳಗೆ ಹೋಗಿ ಒಲೆಯ ಪಕ್ಕ ಕಾಲು ಚಾಚಿದರು. ಅಪ್ಪ ಮೀಸೆಯಲ್ಲೇ ನಕ್ಕು ತೃಪ್ತಿಯಿಂದ ತಲೆದೂಗಿದ. ಅಕ್ಕ ಎಣ್ಣೆ ಬಿಸಿ ಮಾಡಲು ಎದ್ದಳು.